ಗಮನಣ್ಣ ಗೋಡೆ ತಟ್ಟಿ ಮನೆ ಕೊಂಡದ್ದು

ಗಮನಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು "ಪ್ರಯಾಣಿಕರ ಗಮನಕ್ಕೆ" ಎಂದು ಕೂಗುವ ಕೆಲಸಕ್ಕೆ ಸೇರಿದ ಮೇಲೆ ಆ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು. ಆ ಗಾಜಿನ ಗೂಡಿನಲ್ಲಿ ವರ್ಷಗಟ್ಟಲೆ ಕೂತದ್ದರಿಂದ ಅವನಿಗೆ ಎರಡು ರೋಗಗಳು ಅಂಟಿಕೊಂಡಿದ್ದವು. ಮೊದಲನೆಯದು, ಪಿಸುಮಾತು ಅವನಿಂದ ಆಗುತ್ತಿರಲಿಲ್ಲ. ಹೆಂಡತಿಯ ಕಿವಿಯಲ್ಲಿ ಒಂದು ಗುಟ್ಟು ಹೇಳಿದರೆ ಎದುರುಮನೆಯ ಅಜ್ಜಿ ತನ್ನ ಕಿಟಕಿಯಿಂದಲೇ ಅದಕ್ಕೆ ಸಲಹೆ ಕೊಡುತ್ತಿದ್ದಳು. ಎರಡನೆಯದು ಅನುಮಾನ. ಬೆಳಗಿನಿಂದ ಸಂಜೆಯವರೆಗೆ "ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ, ವಾರಸುದಾರರಿಲ್ಲದ ಚೀಲ ಮುಟ್ಟಬೇಡಿ, ಜೇಬುಗಳ್ಳರಿದ್ದಾರೆ, ಎಚ್ಚರ" ಎಂದು ಊರಿಗೆಲ್ಲ ಹೇಳುವ ಮನುಷ್ಯ. ಊರಿನವರು ಕೇಳಿ ಮರೆತರು. ಹೇಳಿದವನೊಬ್ಬ ಮಾತ್ರ ಪೂರ್ತಿ ನಂಬಿಬಿಟ್ಟ.

ಅಂಗಡಿಯವನು ನಕ್ಕು ಮಾತಾಡಿಸಿದರೆ ತಕ್ಕಡಿಯನ್ನು ನೋಡುತ್ತಿದ್ದ. ನಗದಿದ್ದರೆ ಇನ್ನೂ ಹತ್ತಿರದಿಂದ ನೋಡುತ್ತಿದ್ದ. ಇಂಥವನು ಮನೆ ಕೊಳ್ಳಲು ಹೊರಟದ್ದು ತನ್ನ ಸ್ವಂತ ಬುದ್ಧಿಯಿಂದಲ್ಲ. ಬಾಡಿಗೆ ಮನೆಯ ಯಜಮಾನರು ಒಂದು ಸಂಜೆ ಬಂದು, "ಮಗಳು, ಅಳಿಯ ಇಲ್ಲಿಗೇ ಬಂದು ನೆಲೆಸ್ತಾರಂತೆ. ನೀವು ಬೇರೆ ಕಡೆ ನೋಡ್ಕೊಳ್ಳಿ" ಅಂದರು.

ಗಮನಣ್ಣ ಅವರು ಹೋದ ಮೇಲೆ ಹೆಂಡತಿಗೆ ಹೇಳಿದ: "ಇವರಿಗೆ ಮಗಳೇ ಇದ್ದಾಳೋ ಇಲ್ಲವೋ ಮೊದಲು ವಿಚಾರಿಸ್ಬೇಕು."

"ಅವಳ ಮದುವೆಗೆ ಹೋಗಿ ಊಟ ಮಾಡ್ಕೊಂಡು ಬಂದಿದೀರಿ" ಅಂದಳು ಹೆಂಡತಿ.

ಹೆಂಡತಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಮಲಗುವ ಕೋಣೆ, ಅಡುಗೆಮನೆ, ಕಾರ್ಖಾನೆ ಮೂರೂ ಒಂದೇ ಆಗಿದ್ದ ಆ ಮನೆಯಲ್ಲಿ ಮಂಚದ ಮೇಲೆ ಯಾವಾಗಲೂ ನೀಲಿ ಚಡ್ಡಿಗಳ ಗುಡ್ಡೆ ಇರುತ್ತಿತ್ತು. ಅದನ್ನು ಸರಿಸಿದ ಮೇಲೆ ಗಮನಣ್ಣನಿಗೆ ಮಲಗಲು ಜಾಗ. ಇನ್ನೊಂದು ಬಾಡಿಗೆ ಮನೆ ಹುಡುಕಿ ಇನ್ನೊಬ್ಬರ ಮಗಳು ಅಳಿಯ ಬರುವುದನ್ನು ಕಾಯುವುದು ಅವಳಿಗೆ ಬೇಡವಾಗಿತ್ತು. ತಾನು ಕೂಡಿಟ್ಟದ್ದು, ಗಂಡನ ಉಳಿತಾಯ, ಬ್ಯಾಂಕಿನ ಸಾಲ ಸೇರಿಸಿ ಒಂದು ಸಣ್ಣ ಹಳೆಯ ಮನೆಯನ್ನೇ ಕೊಳ್ಳೋಣ ಎಂದಳು. "ಒಂದೇ ಮಾತು. ಇದ್ದಿದ್ದೆಲ್ಲ ಹಾಕ್ತಿದೀವಿ. ಕೆಟ್ಟರೆ ಮತ್ತೆ ಹೊಲಿಯೋಕೆ ನನ್ನ ಕಣ್ಣಲ್ಲಿ ಶಕ್ತಿ ಇಲ್ಲ" ಎಂದೂ ಸೇರಿಸಿದಳು.

ಮನೆ ಕಟ್ಟಿ ನೋಡು ಎಂದ ಹಿರಿಯರು, ಇನ್ನೊಬ್ಬರು ಕಟ್ಟಿದ ಮನೆ ಕೊಂಡು ನೋಡು ಎನ್ನುವುದನ್ನು ಯಾಕೆ ಬಿಟ್ಟರೋ ಗೊತ್ತಿಲ್ಲ. ಆ ಕೊರತೆಯನ್ನು ಗಮನಣ್ಣನ ಭಾವಮೈದುನ ತುಂಬಿದ. ಅವನು ವಿಮಾ ಕಂಪನಿಯ ಏಜೆಂಟು. ಯಾರಾದರೂ ಕೆಮ್ಮಿದರೆ ಮರುಕಪಡುವ ಮೊದಲು ವಯಸ್ಸು ಕೇಳುವವನು.

"ಭಾವ, ಹಳೇ ಮನೆ ಅಂದ್ರೆ ಹುಷಾರು" ಅಂದ ಅವನು. "ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ರೆ ಅದರ ಕೆಳಗೆ ಹಳೇ ಕಾಯಿಲೆ ಇದೆ ಅಂತ ತಿಳ್ಕೊಳ್ಳಿ. ಘಮಘಮ ಅಂತಿದ್ರೆ ಯಾವುದೋ ನಾತ ಮುಚ್ಚಿದಾರೆ. ಎಲ್ಲಕ್ಕಿಂತ ಮುಖ್ಯ, ವಿಮೆ ಕೇಳಿ. ಈ ಮನೆಗೆ ಹಾನಿ ಆಯ್ತು ಅಂತ ಹಿಂದೆ ಯಾರಾದ್ರೂ ಪರಿಹಾರಕ್ಕೆ ಅರ್ಜಿ ಹಾಕಿದಾರಾ ಅಂತ. ಅದನ್ನ ಮುಚ್ಚಿಟ್ಟು ನಿಮ್ಮ ತಲೆಗೆ ಕಟ್ಟಿದ್ರೆ, ನಾಳೆ ನಿಮಗೆ ವಿಮೆ ಕೊಡೋರು ಯಾರೂ ಇರಲ್ಲ. ಮತ್ತೆ, ನಿಮ್ಮ ವಿಷಯ ಮಾತ್ರ ಏನೂ ಬಾಯ್ಬಿಡ್ಬೇಡಿ."

ಸಾಮಾನ್ಯ ಮನುಷ್ಯನಿಗೆ ಇದು ಸಲಹೆ. ಗಮನಣ್ಣನಿಗೆ ಇದು ಯುದ್ಧದ ಆದೇಶ.

ಮರುದಿನವೇ ಅವನು ಹಲ್ಲಿನ ಡಾಕ್ಟರೊಬ್ಬರು ಮಾರಾಟಕ್ಕಿಟ್ಟಿದ್ದ ಮನೆಯ ಮುಂದೆ ನಿಂತಿದ್ದ. ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಗೋಲಿ, ಕಂಕುಳಲ್ಲಿ ಮೇಸ್ತ್ರಿಯೊಬ್ಬರಿಂದ ಎರವಲು ತಂದ, ಗಾಳಿಗುಳ್ಳೆ ಓಡುವ ಮಟ್ಟದ ಪಟ್ಟಿ.

ಡಾಕ್ಟರು ದುಂಡು ಮುಖದ, ಮೃದು ಕೈಯ, ಸುಲಭವಾಗಿ ಹೆದರುವ ಮನುಷ್ಯ. ತಮ್ಮ ದವಾಖಾನೆಯ ಮೇಲಿನ ಮಹಡಿಯಲ್ಲೇ ಅವರ ವಾಸ. ಈ ಮನೆಯಲ್ಲಿ ತಾಯಿ ಇದ್ದರು. ಅವರು ಮಗಳ ಮನೆಗೆ ಹೋದ ಮೇಲೆ ಖಾಲಿ ಬಿದ್ದಿತ್ತು. ಖಾಲಿ ಇದ್ದಾಗ ತಾರಸಿಯ ನೀರಿನ ಟ್ಯಾಂಕು ಒಡೆದು ಹಿಂದಿನ ಕೋಣೆಯ ಗೋಡೆಯೊಳಗೆ ಇಳಿಯಿತು. ಡಾಕ್ಟರು ವಿಮಾ ಕಂಪನಿಗೆ ಪರಿಹಾರದ ಅರ್ಜಿ ಹಾಕಿದರು. ಹಾಕಿದ ಕೈಯಲ್ಲೇ ಮನೆಯನ್ನೂ ಮಾರಾಟಕ್ಕಿಟ್ಟರು. ಎರಡು ಕೆಲಸವನ್ನೂ ಒಟ್ಟಿಗೆ ಮಾಡಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದು ಬೇರೆ: "ಕಂಪನಿಯಿಂದ ತಪಾಸಣೆಗೆ ಬರ್ತಾರೆ ಡಾಕ್ಟ್ರೇ, ಹುಷಾರು. ತಾವು ಯಾರು ಅಂತ ಹೇಳೋದೇ ಇಲ್ಲ. ಗಿರಾಕಿ ಥರ ಬಂದು ಎಲ್ಲ ನೋಡ್ಕೊಂಡು ಹೋಗ್ಬಿಡ್ತಾರೆ" ಎಂದು ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದ ರೋಗಿಯೊಬ್ಬ, ಬಾಯಿ ಮುಚ್ಚಲು ಅವಕಾಶ ಸಿಕ್ಕ ಕೂಡಲೇ ಹೆದರಿಸಿದ್ದ.

"ಬನ್ನಿ ಬನ್ನಿ! ಗಾಳಿ ಬೆಳಕು ಹೇಗಿದೆ ನೋಡಿ" ಎಂದು ಡಾಕ್ಟರು ಬಾಗಿಲು ತೆರೆದರು.

"ಗಾಳಿ ಬೆಳಕು ಎಲ್ಲ ಕಡೆ ಪುಕ್ಕಟೆ ಸಿಗ್ತದೆ. ಗೋಡೆ ತೋರಿಸಿ" ಅಂದ ಗಮನಣ್ಣ.

ಕಿಟಕಿಯ ಗಾಜು ಅದುರಿತು. ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು. ಗಮನಣ್ಣ ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿದ. ಮೂಗು ಹಚ್ಚಿ ಮೂಸಿದ. ಬಾಗಿಲ ಸಂದಿಗೆ ಟಾರ್ಚು ಬಿಟ್ಟ. ಮೊಣಕಾಲೂರಿ ಕೂತು ಗೋಲಿಯನ್ನು ನೆಲದ ಮೇಲೆ ಬಿಟ್ಟು, ಅದು ಉರುಳುತ್ತ ಹಿಂದಿನ ಕೋಣೆಯ ಕಡೆ ಹೋಗುವುದನ್ನು, ಹಾವಿನ ಹಿಂದೆ ಮುಂಗುಸಿ ಹೋದಂತೆ, ತೆವಳುತ್ತ ಹಿಂಬಾಲಿಸಿದ.

"ತಾವು ಏನು ಕೆಲಸದಲ್ಲಿದೀರಿ?" ಡಾಕ್ಟರು ಸಂಕೋಚದಿಂದ ಕೇಳಿದರು.

"ಅದು ನಿಮಗೆ ಬೇಡ."

"ಹೆಸರು?"

"ಅದೂ ಬೇಡ." ಗಮನಣ್ಣ ಎದ್ದು ಮೊಣಕಾಲು ಕೊಡವಿ, ಡಾಕ್ಟರ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ: "ಈ ಮನೆಗೆ ವಿಮೆ ಇದೆಯಾ? ಪರಿಹಾರ ಕೇಳಿ ಅರ್ಜಿ ಹಾಕಿದೀರಾ?"

ಡಾಕ್ಟರ ಮುಖ ಅವರ ಬಿಳಿ ಕೋಟಿನ ಬಣ್ಣಕ್ಕೆ ತಿರುಗಿತು. ಬಂತು! ಕಂಪನಿಯೇ ಕಾಲಿಟ್ಟುಕೊಂಡು ಬಂತು! ತಾನಿನ್ನೂ ಅದಕ್ಕೆ ಗಾಳಿ ಬೆಳಕು ತೋರಿಸುತ್ತ ನಿಂತಿದ್ದೇನಲ್ಲ! ಅವರು ಒಂದೇ ಉಸಿರಿನಲ್ಲಿ ಬದಲಾದರು.

"ಸ್ವಾಮೀ, ಏನು ಹೇಳ್ಲಿ ಈ ಮನೆ ಅವಸ್ಥೆ!" ಎಂದು ಹಿಂದಿನ ಕೋಣೆಗೆ ಕರೆದೊಯ್ದು, ತಾವೇ ಅಡ್ಡ ಇಟ್ಟಿದ್ದ ಬೀರುವನ್ನು ಎಳೆದರು. ಹಿಂದೆ ಗೋಡೆಯಲ್ಲಿ ಒಂದು ಬಿರುಕು ಇತ್ತು. ಬಳಪದಲ್ಲಿ ಗೀಚಿದ ಗೆರೆಯಷ್ಟು. "ನೋಡಿ! ಒಳಗೆಲ್ಲ ಹುಳುಕು. ಬೇರಿಗೇ ಇಳಿದ್ಬಿಟ್ಟಿದೆ. ಇದು ತುಂಬಿಸಿ ಸರಿಯಾಗೋ ಕೇಸಲ್ಲ, ಕೀಳೋ ಕೇಸು. ನಿಮ್ಮ ಗೋಲಿ ಯಾಕೆ ಉರುಳಿತು ಅಂದ್ಕೊಂಡ್ರಿ? ನೆಲ ಕುಸೀತಿದೆ! ನಾನು ಈ ಕೋಣೇಲಿ ಜೋರಾಗಿ ಸೀನೋದೂ ಇಲ್ಲ."

ಗಮನಣ್ಣ ಟಾರ್ಚು ಆರಿಸಿದ. ಅವನ ಜೀವಮಾನದಲ್ಲಿ ಯಾವ ವ್ಯಾಪಾರಿಯೂ ಅವನ ಅನುಮಾನಕ್ಕಿಂತ ಮುಂದೆ ಓಡಿರಲಿಲ್ಲ.

"ತಾರಸಿ?" ಎಂದ ಕೊನೆಗೆ.

"ಕೇಳ್ಬೇಡಿ! ದೊಡ್ಡ ಮನಸ್ಸು ಮಾಡಿ ಮೇಲೆ ನಿಂತಿದೆ ಅಷ್ಟೆ."

ಗಮನಣ್ಣ ಮನೆಗೆ ಬಂದು ನೀಲಿ ಚಡ್ಡಿಗಳ ಗುಡ್ಡೆಯ ಪಕ್ಕ ಕೂತು ಯೋಚಿಸಿದ. ಹೆಂಡತಿ ಹೇಗಿದೆ ಮನೆ ಎಂದು ಕೇಳಿದಳು.

"ಮೋಸ ಇದೆ ಕಣೇ" ಎಂದು ಅವನು ಪಿಸುಗುಟ್ಟಿದ. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು. "ಮಾರೋನು ತನ್ನ ಮಾಲನ್ನ ತಾನೇ ಬೈತಾನಾ? ನೆಲ ಕುಸೀತಿದೆ ಅಂತಾನೆ. ಗೋಡೆ ಹುಳುಕು ಅಂತಾನೆ. ಬೀರು ಎಳೆದು ಬಿರುಕು ತೋರಿಸ್ತಾನೆ! ಅಂದ್ರೆ ನಾವು ಕೊಳ್ಳೋದು ಅವನಿಗೆ ಬೇಡ. ಯಾಕೆ ಬೇಡ? ಆ ಮನೇಲಿ ಏನೋ ಇದೆ. ಬೆಲೆ ಏರೋಂಥದ್ದು ಏನೋ ಬರ್ತಿದೆ ಆ ಕಡೆ."

"ಬೇಡದಿದ್ರೆ ಮಾರಾಟಕ್ಕೆ ಯಾಕೆ ಇಡ್ತಾನೆ?" ಅಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

"ಅದೇ ಮೋಸ!"

ಎದುರು ಕಿಟಕಿಯಿಂದ ಅಜ್ಜಿಯ ದನಿ ಬಂತು: "ದೊಡ್ಡ ರಸ್ತೆ ಬರ್ತಿರ್ಬೇಕು ಕಣಪ್ಪಾ!"

ಸೈಕಲ್ಲಿನವನು, "ರಸ್ತೆ ಅಲ್ಲಜ್ಜಿ, ನಿಧಿ. ನೆಲ ಕುಸೀತಿದೆ ಅಂದ್ರೆ ಕೆಳಗೆ ಟೊಳ್ಳು ಇದೆ ಅಂತ ತಾನೆ?" ಎಂದ.

ಮಾತಿಗೆ ಕಾಲು ಬಂದದ್ದು ಹೀಗೆ. ಸಂಜೆಯ ಹೊತ್ತಿಗೆ ಡಾಕ್ಟರ ಮನೆಯ ಮುಂದೆ ಜನ ಗಾಳಿಸೇವನೆಗೆ ಬರತೊಡಗಿದರು. ಯಾವತ್ತೂ ನಡೆದು ಗೊತ್ತಿಲ್ಲದವರೂ ಅಲ್ಲಿ ಮೂರು ಸುತ್ತು ನಡೆದರು. ಒಬ್ಬರು ಕಾಲಿನಿಂದ ಅಂಗಳ ಅಳೆದರು. ಬಾಡಿಗೆ ಮನೆಯ ಯಜಮಾನರೂ ಬಂದು ಕಾಂಪೌಂಡಿನ ಮೇಲಿಂದ ಇಣುಕಿ, "ಅಳಿಯನಿಗೆ ಇದೇ ನೋಡ್ಬಹುದಿತ್ತು" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಇದನ್ನೆಲ್ಲ ಎದುರಿನ ಅಂಗಡಿಯಿಂದ ನೋಡಿದ ಡಾಕ್ಟರು ಕಂಬದ ಮರೆಗೆ ಸರಿದರು. ಒಂದು ಸಣ್ಣ ಅರ್ಜಿಗೆ ಕಂಪನಿ ಇಷ್ಟೊಂದು ಗೂಢಚಾರರನ್ನು ಬಿಟ್ಟಿದೆಯೇ!

ನಿಜವಾದ ತಪಾಸಣೆಯವರು ಬಂದದ್ದು ಅದರ ಮರುದಿನ. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಸಾಲಾಗಿ ಜೋಡಿಸಿ ಒಳಗೆ ಬಂದರು. "ಮನೆ ನೋಡ್ಬೇಕಿತ್ತು" ಎಂದರು ನಗುತ್ತ. ಇಷ್ಟು ಸಭ್ಯ ಮನುಷ್ಯ ವಿಮಾ ಕಂಪನಿಯವನಾಗಿರಲು ಸಾಧ್ಯವೇ ಇಲ್ಲ ಎಂದು ಡಾಕ್ಟರು ತೀರ್ಮಾನಿಸಿದರು. ಬಂದದ್ದು ಗಿರಾಕಿ. ಅದೂ ಒಳ್ಳೆಯ ಗಿರಾಕಿ.

"ಅಡಿಪಾಯ ನೋಡಿ! ಹದಿಹರೆಯದವರ ದವಡೆ ಇದ್ದಂಗಿದೆ" ಎಂದರು ಡಾಕ್ಟರು. ಬೀರು ಮತ್ತೆ ಬಿರುಕಿನ ಮುಂದೆ ನಿಂತಿತ್ತು. ಡಾಕ್ಟರು ಬೀರುವಿನ ಮುಂದೆ ನಿಂತರು.

"ನೀರು ಗೀರು ಏನಾದ್ರೂ ನುಗ್ಗಿತ್ತಾ?"

"ನೀರಾ? ಒಂದು ತೊಟ್ಟು ಇಲ್ಲ!"

"ಮೇಲಿನ ಟ್ಯಾಂಕು ಒಡೆದಿತ್ತು ಅಂತ..."

"ಯಾರು ಹೇಳಿದ್ದು? ಹೊಟ್ಟೆಕಿಚ್ಚಿನ ಜನ. ಹೊಚ್ಚ ಹೊಸಾ ಟ್ಯಾಂಕು!"

ಹೊಸದೇನೋ ನಿಜ. ಹಳೆಯದು ಒಡೆದದ್ದರಿಂದ ತಂದದ್ದು.

ತಪಾಸಣೆಯವರು ತಮ್ಮ ನೌಕರಿಯಲ್ಲಿ ಇಲ್ಲದ ಹಾನಿಯನ್ನು ಇದೆ ಎನ್ನುವವರನ್ನು ದಿನವೂ ನೋಡಿದ್ದರು. ಹಾನಿಯಾಗಿದೆ ಎಂದು ಅರ್ಜಿ ಹಾಕಿ, ನೋಡಲು ಬಂದಾಗ ಆಗಿಲ್ಲ ಎಂದು ಆಣೆ ಮಾಡುವವನನ್ನು ಕಂಡದ್ದು ಇದೇ ಮೊದಲು. ಇದರ ಹಿಂದೆ ಎಷ್ಟು ದೊಡ್ಡ ವಂಚನೆ ಇರಬಹುದೆಂದು ಊಹಿಸಲಾಗದೆ ಅವರು ಚಪ್ಪಲಿ ಮೆಟ್ಟಿಕೊಂಡು, "ಭಾನುವಾರ ಇನ್ನೊಂದ್ಸಲ ಬರ್ತೀನಿ" ಎಂದು ಹೊರಟರು.

ಭಾನುವಾರ ಬೆಳಿಗ್ಗೆಗೆ ಗಮನಣ್ಣನೂ ಬರುವವನಿದ್ದ. ಇಬ್ಬರಿಗೂ ಬನ್ನಿ ಅಂದಿದ್ದ ಡಾಕ್ಟರು, ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರುತ್ತಾರೆಂದು ನಂಬಿದ್ದರು. ಅವರ ದವಾಖಾನೆಯಲ್ಲಿ ರೋಗಿಗಳು ಹಾಗೆಯೇ ಬರುತ್ತಿದ್ದರು.

ಮೊದಲು ಗಮನಣ್ಣ ಬಂದ. ಜೊತೆಗೆ ಹೆಂಡತಿ, ಭಾವಮೈದುನ. ಗೇಟಿನ ಹೊರಗೆ ಅಜ್ಜಿಯ ಮುಂದಾಳತ್ವದಲ್ಲಿ ಬೀದಿಯ ಒಂದು ಪಾಲು ಜನ. ಕಂಪನಿ ಈ ಸಲ ಸಂಸಾರ ಸಮೇತ ಬಂದಿದೆ ಎಂದು ಡಾಕ್ಟರು ಕೈಮುಗಿದು ಒಳಗೆ ಕರೆದರು. ಹಿಂದಿನ ಕೋಣೆಯಲ್ಲಿ ಬೀರು ಸರಿದಿತ್ತು. ಬಿರುಕು ಬಾಯಿ ತೆರೆದು ನಿಂತಿತ್ತು. ಸಾಲದೆಂಬಂತೆ ಗೋಡೆ ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆಯೇ ಡಾಕ್ಟರು ಒಂದು ಬಕೆಟ್ ನೀರನ್ನು ಅದಕ್ಕೆ ಎರಚಿದ್ದರು. ಅವರು ಅಲ್ಲಿ ನಿಂತು, "ರಾತ್ರಿಯೆಲ್ಲ ಅಳ್ತದೆ ಈ ಗೋಡೆ" ಎನ್ನುವಷ್ಟರಲ್ಲಿ ಮುಂಬಾಗಿಲಿನಲ್ಲಿ ಯಾರೋ ಮೃದುವಾಗಿ ಕೆಮ್ಮಿದರು.

ಒಳ್ಳೆಯ ಗಿರಾಕಿ!

"ನೀವು ಇಲ್ಲೇ ಇರಿ. ಗೋಡೆ ನೋಡ್ತಾ ಇರಿ" ಎಂದು ಡಾಕ್ಟರು ಕೋಣೆಯ ಬಾಗಿಲು ಎಳೆದುಕೊಂಡು ಮುಂದಕ್ಕೆ ಓಡಿದರು. ತಪಾಸಣೆಯವರನ್ನು ಮುಂದಿನ ಕೋಣೆಯ ಕಿಟಕಿಯ ಪಕ್ಕ ಕೂರಿಸಿ, "ಈ ಮನೇಲಿ ಏನು ಇದೆಯೋ ಇಲ್ವೋ, ಗೋಡೆ ಮಾತ್ರ ಬೆಚ್ಚಗೆ, ಒಣಗಿ..." ಎಂದು ಶುರುಮಾಡಿದರು.

"ಗೋಡೆ ಒದ್ದೆ ಇದೆ!" ಎಂದು ಹಿಂದಿನ ಕೋಣೆಯಿಂದ ಘೋಷಣೆ ಬಂತು. "ಬಟ್ಟೆ ಹಿಂಡಿದಂಗೆ ನೀರು ಇಳೀತಿದೆ!"

ತಪಾಸಣೆಯವರು ತಲೆಯೆತ್ತಿದರು. "ಯಾರದು?"

"ಪಕ್ಕದ ಮನೆ ರೇಡಿಯೋ" ಅಂದರು ಡಾಕ್ಟರು.

"ರೇಡಿಯೋದಲ್ಲಿ ಗೋಡೆ ಒದ್ದೆ ಅಂತ ಹೇಳ್ತಾರಾ?"

"ಹವಾಮಾನ ವರದಿ."

"ಬಿರುಕಿನೊಳಗೆ ಬೆರಳು ಹೋಗ್ತದೆ!" ಎಂದಿತು ಹವಾಮಾನ ವರದಿ. "ನೆಲ ಬೇರೆ ಇಳಿಜಾರು! ಗೋಲಿ ನಿಲ್ತಾನೇ ಇಲ್ಲ!"

ಡಾಕ್ಟರು ಹಿಂದಕ್ಕೆ ಓಡಿ, ತುಟಿಯ ಮೇಲೆ ಬೆರಳಿಟ್ಟು, "ಸ್ವಲ್ಪ ಮೆಲ್ಲಗೆ ಸ್ವಾಮೀ, ಮುಂದೆ ಒಬ್ಬರು ಕೊಳ್ಳೋರು ಬಂದಿದಾರೆ" ಎಂದು ಬೇಡಿಕೊಂಡರು. ಇದನ್ನು ಕೇಳಿ ಗಮನಣ್ಣನ ಅನುಮಾನಕ್ಕೆ ರೆಕ್ಕೆ ಬಂತು. ನನಗೆ ಕುಸಿಯುವ ಮನೆ, ಮುಂದಿನವರಿಗೆ ಮಾರುವ ಮನೆ!

"ನೋಡಿದ್ಯಾ!" ಎಂದು ಹೆಂಡತಿಗೆ ಪಿಸುಗುಟ್ಟಿದ. "ಬೇರೆಯೋರಿಗೆ ಕೊಡೋಕೆ ನಮ್ಮನ್ನ ಹೆದರಿಸ್ತಿದಾನೆ!"

ಗೇಟಿನ ಹೊರಗೆ ಅಜ್ಜಿ, "ಬಿಡಬೇಡ ಕಣಪ್ಪಾ!" ಎಂದು ಕೂಗಿದಳು.

ಈ ಗಲಾಟೆಯಲ್ಲಿ ಭಾವಮೈದುನ, ಮುಂದಿನ ಕೋಣೆಯಲ್ಲಿರುವ ಪ್ರತಿಸ್ಪರ್ಧಿ ಯಾರೆಂದು ನೋಡಲು ಹೋದ. ಹೋದವನು ಬಾಗಿಲಲ್ಲೇ ನಿಂತು ಅಂಗಿಯ ಗುಂಡಿ ಹಾಕಿಕೊಂಡ.

"ಸಾರ್! ನೀವಿಲ್ಲಿ?"

"ನೀನಿಲ್ಲಿ?" ಅಂದರು ತಪಾಸಣೆಯವರು.

"ನಿಮಗೆ ಇವರು ಗೊತ್ತಾ?" ಅಂದರು ಡಾಕ್ಟರು, ಬಾಗಿಲ ಚೌಕಟ್ಟು ಹಿಡಿದು.

"ಗೊತ್ತಿಲ್ದೆ ಏನು ಡಾಕ್ಟ್ರೇ? ನಮ್ಮ ಕಂಪನಿ ತಪಾಸಣೆ ಸಾಹೇಬರು. ಹಾನಿ ಪರಿಹಾರ ಎಲ್ಲ ಇವರ ಕೈಯಲ್ಲೇ."

ಡಾಕ್ಟರು ಆ ಸಭ್ಯ ಮನುಷ್ಯನನ್ನು ನೋಡಿದರು. ಹಿಂದಿನ ಕೋಣೆಯ ಕಡೆ ನೋಡಿದರು. ಅಲ್ಲಿಂದ ಗಮನಣ್ಣ ಗೋಲಿ ಹಿಡಿದುಕೊಂಡು ಬರುತ್ತಿದ್ದ.

"ಹಾಗಾದ್ರೆ... ಇವರು ಯಾರು?"

"ಇವರು ನಮ್ಮ ಭಾವ. ಬಸ್ ಸ್ಟ್ಯಾಂಡಲ್ಲಿ ಮೈಕಲ್ಲಿ ಕೂಗೋರು. ಮನೆ ಕೊಳ್ಳೋಕೆ ಬಂದಿದಾರೆ."

ಕೊಳ್ಳಲು ಬಂದವನ ಮುಂದೆ ಮನೆಯನ್ನು ಹೂತುಹಾಕಿ, ಹಾನಿ ನೋಡಲು ಬಂದವರ ಮುಂದೆ ಅದಕ್ಕೆ ಕಿರೀಟ ಇಟ್ಟಿದ್ದ ಡಾಕ್ಟರು ಹಾಗೆಯೇ ಹೊಸ್ತಿಲ ಮೇಲೆ ಕುಸಿದರು. ಆ ಮನೆಯಲ್ಲಿ ಅಂದು ನಿಜವಾಗಿ ಕುಸಿದದ್ದು ಅವರೊಬ್ಬರೇ.

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ನೆಲ ಕುಸೀತಿದೆ ಅಂದ್ರಲ್ಲ, ನೀರೇ ಬಂದಿಲ್ಲ ಅಂದ್ರಲ್ಲ, ನೀವು ಯಾಕೆ ಹೆಸರು ಹೇಳಲಿಲ್ಲ, ನೀವು ಯಾಕೆ ಕೇಳಲಿಲ್ಲ. ಗಮನಣ್ಣನ ದನಿ ಉಳಿದವರದನ್ನೆಲ್ಲ ನುಂಗಿತು. ಹೊರಗಿನ ಜನಕ್ಕೆ ಕಿವಿಗೊಡುವ ಶ್ರಮವೂ ಬೀಳಲಿಲ್ಲ.

ಕೊನೆಗೆ ತಪಾಸಣೆಯವರು ಕೈಯೆತ್ತಿದರು. "ಬಾಯಿ ಇರೋರೆಲ್ಲ ಸ್ವಲ್ಪ ಹೊರಗೆ ನಿಂತ್ಕೊಳ್ಳಿ. ನಾನು ಗೋಡೆ ಹತ್ರ ಮಾತಾಡ್ಕೊಂಡು ಬರ್ತೀನಿ."

ಅವರು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಅವರ ಮುಖದಲ್ಲಿ ಮೊದಲಿನ ನಗುವೇ ಇತ್ತು. "ಡಾಕ್ಟ್ರೇ, ಟ್ಯಾಂಕು ಒಡೆದಾಗ ಇಳಿದ ತೇವ ಬೇರೆ, ಇವತ್ತು ಬೆಳಿಗ್ಗೆ ಬಕೆಟ್ಟಲ್ಲಿ ಎರಚಿದ ತೇವ ಬೇರೆ. ಹಳೇದು ಒಳಗಿಂದ ಉಪ್ಪು ಬಿಟ್ಟಿದೆ. ಹೊಸದು ಹೊರಗಿಂದ ಹರೀತಿದೆ."

ಡಾಕ್ಟರು ಕೋಟಿನ ಒದ್ದೆ ತೋಳನ್ನು ಮಡಚಿಕೊಂಡರು.

"ಟ್ಯಾಂಕು ಒಡೆದಾಗ ಮನೇಲಿ ಯಾರಿದ್ರು?"

"ಯಾರೂ ಇರ್ಲಿಲ್ಲ. ಅಮ್ಮ ಹೋಗಿ ಆಗ್ಲೇ ತುಂಬ ದಿನ ಆಗಿತ್ತು."

"ಮನೆ ಅಷ್ಟು ಕಾಲ ಖಾಲಿ ಇದ್ರೆ ನಮಗೆ ತಿಳಿಸ್ಬೇಕು ಅಂತ ನಿಮ್ಮ ಪಾಲಿಸೀಲೇ ಇದೆ. ತಿಳಿಸಿಲ್ಲ. ಹಾಗಾಗಿ ಪರಿಹಾರ ಸಿಗೋ ಹಾಗಿರ್ಲಿಲ್ಲ. ನೀವು ಸುಳ್ಳು ಹೇಳಿದ್ರೂ ಸಿಗ್ತಿರ್ಲಿಲ್ಲ, ನಿಜ ಹೇಳಿದ್ರೂ ಸಿಗ್ತಿರ್ಲಿಲ್ಲ. ಸುಮ್ನೆ ಇಷ್ಟೊಂದು ಕಷ್ಟಪಟ್ರಿ."

ಗಮನಣ್ಣನಿಗೆ ಇದಾವುದೂ ಬೇಕಾಗಿರಲಿಲ್ಲ. ಅವನು ಡಾಕ್ಟರ ಹತ್ತಿರ ಬಾಗಿ ಕೇಳಿದ: "ಅದಿರ್ಲಿ. ಆ ದೊಡ್ಡ ರಸ್ತೆ ಯಾವಾಗ ಬರ್ತದೆ?"

"ಯಾವ ರಸ್ತೆ?"

"ರಸ್ತೆ ಇಲ್ವಾ? ಹಾಗಾದ್ರೆ ನೆಲದ ಕೆಳಗೆ?"

"ನೆಲದ ಕೆಳಗೆ ಮಣ್ಣಿದೆ."

"ಬರೀ ಮಣ್ಣಾ?"

ಅವನಿಗೆ ಆದ ನಿರಾಸೆ ಹೇಳತೀರದು. ಗೇಟಿನ ಹೊರಗಿನ ಜನಕ್ಕೂ ಅಷ್ಟೇ ಆಯಿತು. ಸೈಕಲ್ಲಿನವನು ಗಂಟೆ ಬಾರಿಸಿಕೊಂಡು ಹೊರಟೇಬಿಟ್ಟ. ಏನೋ ಅಡಗಿಸಿಟ್ಟ ಮನೆಯಾದರೆ ಅದನ್ನು ಕೊಳ್ಳುವುದರಲ್ಲಿ ಅರ್ಥವಿತ್ತು. ಏನೂ ಅಡಗಿಸಿಡದ ಮನೆಯನ್ನು ನಂಬುವುದು ಹೇಗೆ? "ನಡಿಯೇ, ಈ ಮನೆ ಸರಿಯಿಲ್ಲ" ಎಂದು ಗಮನಣ್ಣ ಹೆಂಡತಿಯನ್ನು ಕರೆದ.

ಹೆಂಡತಿ ಮುಂದಿನ ಕೋಣೆಯ ಕಿಟಕಿಯ ಬಳಿ ನಿಂತಿದ್ದಳು. ಕಿಟಕಿಯಿಂದ ಬೆಳಕು ಸೀದಾ ನೆಲಕ್ಕೆ ಬೀಳುತ್ತಿತ್ತು. ಹೊಲಿಗೆ ಯಂತ್ರ ಇಟ್ಟರೆ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದರೂ ಕಣ್ಣು ನೋಯುವಂತಿರಲಿಲ್ಲ. ಅವಳು ಬಂದು ಹೊಸ್ತಿಲ ಮೇಲೆ ಕೂತಿದ್ದ ಡಾಕ್ಟರ ಎದುರಿಗೆ ನಿಂತಳು.

"ಡಾಕ್ಟ್ರೇ, ಒಂದ್ಸಲ ನಿಜ ಹೇಳ್ಬಿಡಿ. ಯಾರು ಕೇಳ್ತಿದಾರೆ ಅಂತ ಮುಖ ನೋಡ್ಬೇಡಿ. ಈ ಮನೆ ಹೇಗಿದೆ?"

ಡಾಕ್ಟರು ಹಗುರಾಗಿ ಉಸಿರುಬಿಟ್ಟರು. ಕೀಳಬೇಕಾದ ಹಲ್ಲು ಕಿತ್ತು ಬಿದ್ದ ಮೇಲೆ ಅವರ ರೋಗಿಗಳು ಬಿಡುವಂಥ ಉಸಿರು.

"ಹಿಂದಿನ ಗೋಡೆಗೆ ನೀರು ಇಳಿದಿದ್ದು ನಿಜ ಕಣಮ್ಮ. ಬಿರುಕು ಗಾರೆಗಷ್ಟೇ ಅಂತ ನನ್ನ ನಂಬಿಕೆ, ಗೊತ್ತಿರೋರಿಗೆ ತೋರಿಸಿ. ಹಿಂಬಾಗಿಲು ಮಳೆಗಾಲದಲ್ಲಿ ಉಬ್ಬಿ ಹಾಕೋಕಾಗಲ್ಲ. ಮೆಟ್ಟಿಲು ಒಂದು ಸಣ್ಣದಿದೆ, ಅಮ್ಮ ಅಲ್ಲಿ ಎಡವ್ತಾನೇ ಇದ್ರು. ಉಳಿದದ್ದು ಒಳ್ಳೇ ಮನೆ. ಬಾಗಿಲು ತೆಗೆದ್ರೆ ಯಾರೂ ಇರಲ್ವಲ್ಲ, ಆ ಖಾಲಿ ಮನೆ ಸದ್ದು ನನಗೆ ಆಗಲ್ಲ. ಅದಕ್ಕೇ ಮಾರ್ತಿರೋದು."

ಆ ಮನೆಯಲ್ಲಿ ಅಲ್ಲಿಯವರೆಗೆ ಆಡಿದ ಮಾತಿನಲ್ಲಿ ಇದೊಂದನ್ನೇ ಯಾರೂ ಅನುಮಾನಿಸಲಿಲ್ಲ. ಗಮನಣ್ಣ ಅನುಮಾನಿಸಲು ಬಾಯಿ ತೆರೆದದ್ದು ನಿಜ. ಹೆಂಡತಿ ನೋಡಿದ ನೋಟಕ್ಕೆ ಅದು ಆಕಳಿಕೆಯಾಗಿ ಹೊರಬಂತು.

ಅವಳು ತನಗೆ ಪರಿಚಯದ ಒಬ್ಬ ಎಂಜಿನಿಯರನ್ನು ಕರೆತಂದಳು. ಅವರು ಒಂದು ಇಡೀ ಬೆಳಿಗ್ಗೆ ಗೋಡೆ ಕೆರೆದು, ತಾರಸಿ ಹತ್ತಿ ಇಳಿದು ನೋಡಿದರು. ಬಿರುಕು ಗಾರೆಯದ್ದೇ. ತೇವಕ್ಕೆ ಮದ್ದಿದೆ. "ನೆಲ ಇಳಿಜಾರು ಇದೆಯಲ್ಲ?" ಎಂದು ಗಮನಣ್ಣ ಗೋಲಿ ತೆಗೆದ.

"ತೊಳೆದ ನೀರು ಹಿಂದಕ್ಕೆ ಹರಿದು ಹೋಗ್ಲಿ ಅಂತ ಬೇಕಂತ್ಲೇ ಹಾಗೆ ಮಾಡಿದಾರೆ" ಅಂದರು ಎಂಜಿನಿಯರು.

ಗೋಡೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಬಿಡಲು ಡಾಕ್ಟರು ಒಪ್ಪಿದರು. ತಾವೇ ಕುಸಿಯುತ್ತಿದೆ ಎಂದ ಮನೆಗೆ ಹೆಚ್ಚು ಕೇಳಲು ಅವರಿಗೆ ನಾಲಿಗೆ ಏಳಲಿಲ್ಲ. ಮನೆ ಇವರ ಹೆಸರಿಗಾದ ಮೇಲೆ ವಿಮೆ ಮಾಡಿಸಲು ಭಾವಮೈದುನ ಗಮನಣ್ಣನನ್ನು ಕಂಪನಿಯ ಕಚೇರಿಗೆ ಕರೆದೊಯ್ದ. ದಾರಿಯಲ್ಲಿ ಮೆಲ್ಲಗೆ ಹೇಳಿದ: "ಭಾವ, ಹಿಂದೆ ಏನಾದ್ರೂ ಹಾನಿ ಆಗಿತ್ತಾ ಅಂತ ಕೇಳ್ತಾರೆ. ಇಲ್ಲ ಅಂದ್ಬಿಡಿ. ಬೇಗ ಮುಗಿಯತ್ತೆ."

ಗಮನಣ್ಣ ನಿಂತುಬಿಟ್ಟ. "ಮುಚ್ಚಿಟ್ಟರೆ ನಾಳೆ ಕೈಯೆತ್ತುತ್ತಾರೆ ಅಂದೋನು ನೀನೇ. ಈಗ ಮುಚ್ಚಿಡು ಅಂತೀಯ. ನೀನು ಯಾರ ಕಡೆಯೋನಪ್ಪಾ?"

ಕಚೇರಿಯಲ್ಲಿ ಅವನು ಹಿಂದಿನ ಗೋಡೆ, ಒಡೆದ ಟ್ಯಾಂಕು, ಉಬ್ಬುವ ಬಾಗಿಲು, ಸಣ್ಣ ಮೆಟ್ಟಿಲು ಎಲ್ಲವನ್ನೂ ಒಂದೂ ಬಿಡದೆ ಹೇಳಿದ. ಕೆಳಗಿನ ಮಹಡಿಯ ಗುಮಾಸ್ತರು ಕೆಲಸ ನಿಲ್ಲಿಸಿ ಮೇಲೆ ನೋಡಿದರು. ತಪಾಸಣೆಯವರು ಕಿವಿಯಿಂದ ಕೈ ತೆಗೆದು, "ನಿಜ ಹೇಳಿದೀರಿ, ಸಂತೋಷ. ಇಷ್ಟು ಜೋರಾಗಿ ನಿಜ ಕೇಳಿ ಅಭ್ಯಾಸ ಇಲ್ಲ ನಮಗೆ" ಅಂದರು. ಕಂತು ಸ್ವಲ್ಪ ಹೆಚ್ಚಾಯಿತು. ವಿಮೆ ಆಯಿತು.

ಗೋಡೆಯ ಕೆಲಸ ಮುಗಿದ ಮೇಲೆ ಡಾಕ್ಟರು ಕೀಲಿಕೈಗಳನ್ನು ಒಪ್ಪಿಸಿದಾಗ ಹೆಂಡತಿ ನೆಮ್ಮದಿಯಿಂದ ಸೆರಗಿಗೆ ಕಣ್ಣೊತ್ತಿಕೊಂಡಳು. ಗಮನಣ್ಣ ಕೀಲಿಗಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇವೆಲ್ಲಾ ಕೊಟ್ಟಿದಾನೆ ಅಂತ ಏನು ಗ್ಯಾರಂಟಿ? ಒಂದು ಇಟ್ಕೊಂಡಿರ್ತಾನೆ" ಅಂದ, ಡಾಕ್ಟರು ಬೀದಿ ತಿರುಗಿದ ಮೇಲೆ.

"ಇನ್ನೂ ಮುಗೀಲಿಲ್ವಾ ನಿಮ್ಮದು?" ಅಂದಳು ಅವಳು.

ಮುಗಿದಿರಲಿಲ್ಲ. ಅವನು ಯಾರಿಗೂ ಹೇಳದೆ ಬೀಗದವನನ್ನು ಕರೆಸಿ ಮುಂಬಾಗಿಲಿನ ಬೀಗ ಬದಲಾಯಿಸಿದ. ಎಳೆದರೆ ತಾನೇ ಹಾಕಿಕೊಳ್ಳುವ, ಒಡೆಯಲು ಬಾರದ ಬಲವಾದ ಬೀಗ. ಹಿಂಬಾಗಿಲಿಗೆ ಒಳಗಿನಿಂದ ಎರಡು ಅಗುಳಿ. ಮನೆ ಬದಲಾಯಿಸುವ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕೋಣೆಕೋಣೆಗೂ ಟಾರ್ಚು ಬಿಟ್ಟು ನೋಡಿ, ಹೊಸ ಕೀಲಿಗಳ ಗೊಂಚಲನ್ನು ಮುಂದಿನ ಕಿಟಕಿಯ ಕಟ್ಟೆಯ ಮೇಲಿಟ್ಟು, ಸಾಮಾನಿನ ಗಾಡಿ ಬಂದ ಸದ್ದು ಕೇಳಿ ಹೊರಗೆ ಬಂದ. ಬಾಗಿಲು ಅವನ ಹಿಂದೆ ಗಾಳಿಗೆ ಮುಚ್ಚಿಕೊಂಡಿತು. ಬೀಗ, ಬೀಗದವನು ಹೇಳಿದ ಮಾತಿನಂತೆ, ತಾನೇ ಹಾಕಿಕೊಂಡಿತು.

ಗಾಡಿಯ ಮೇಲೆ ಹೊಲಿಗೆ ಯಂತ್ರ, ಮಂಚ, ಪಾತ್ರೆ, ನೀಲಿ ಚಡ್ಡಿಗಳ ಮೂಟೆ. ಗಾಡಿಯ ಮುಂದೆ ಹೆಂಡತಿ. ಗಾಡಿಯ ಹಿಂದೆ ಭಾವಮೈದುನ. ಚಾಲಕ ಹಾರನ್ ಒತ್ತಿ, "ಬೇಗ ಇಳಿಸ್ಕೊಳ್ಳಿ ಅಣ್ಣಾ, ಇನ್ನೊಂದು ಟ್ರಿಪ್ಪಿದೆ" ಅಂದ. ಗಮನಣ್ಣ ಜೇಬು ತಟ್ಟಿಕೊಂಡ. ಇನ್ನೊಂದು ಜೇಬು ತಟ್ಟಿಕೊಂಡ. ಕಿಟಕಿಯ ಗಾಜಿನ ಆಚೆ, ಅದೇ ಒಳ್ಳೆಯ ಬೆಳಕಿನಲ್ಲಿ, ಕೀಲಿಗಳು ಫಳಫಳ ಹೊಳೆಯುತ್ತಿದ್ದವು. ಕಂಬಿಯ ಸಂದಿಯಿಂದ ಕೈ ಹಾಕೋಣವೆಂದರೆ ಗಾಜೂ ಒಳಗಿನಿಂದ ಭದ್ರ. ಅದನ್ನೂ ಅವನೇ ಭದ್ರ ಮಾಡಿದ್ದ.

ಸುದ್ದಿ ತಿಳಿದು ಬೀದಿಯವರು ಸೇರುತ್ತಿರುವಾಗ ಡಾಕ್ಟರು ಆ ಕಡೆಯಿಂದ ನಡೆದು ಬಂದರು. ಗುಂಪು ನೋಡಿ ಹೆದರಿದರು. ವಿಷಯ ತಿಳಿದ ಮೇಲೆ ಅವರ ದುಂಡು ಮುಖ ಕೆಂಪಾಯಿತು. ಕೋಟಿನ ಒಳಜೇಬಿಗೆ ಕೈಹಾಕಿ ತಡವರಿಸುತ್ತ ಒಂದು ಕೀಲಿ ತೆಗೆದರು.

"ತಪ್ಪು ತಿಳ್ಕೋಬೇಡಿ. ಒಂದು ನನ್ನ ಹತ್ರಾನೇ ಇಟ್ಕೊಂಡಿದ್ದೆ. ಅಮ್ಮನ ಮನೆ ಅಲ್ವಾ, ಕೊಡೋಕೆ ಮನಸ್ಸು ಬರ್ಲಿಲ್ಲ. ವಾಪಸ್ ಕೊಡೋಣ ಅಂತ್ಲೇ ಬಂದೆ. ತಗೊಳ್ಳಿ, ಬಾಗಿಲು ತೆಗೀರಿ."

ಗಮನಣ್ಣ ಆ ಕೀಲಿಯನ್ನು ತೆಗೆದುಕೊಂಡು ಮೇಲೆತ್ತಿ ಹಿಡಿದ. ಅವನ ಮುಖ ಬೆಳಗಿತು. ಎದೆ ಉಬ್ಬಿತು. ಇಡೀ ಬದುಕಿನಲ್ಲಿ ಊರಿನವರ ಮೇಲೆಲ್ಲ ಪಟ್ಟ ಅನುಮಾನಗಳಲ್ಲಿ ಒಂದು, ಕಟ್ಟಕಡೆಗೆ, ಸಾಕ್ಷಿ ಸಮೇತ ನಿಜವಾಗಿತ್ತು.

"ನೋಡಿದ್ಯಾ! ನಾನು ಹೇಳ್ಲಿಲ್ವಾ? ಒಂದು ಇಟ್ಕೊಂಡಿರ್ತಾನೆ ಅಂತ ಹೇಳ್ಲಿಲ್ವಾ?" ಎಂದು ಅವನು ಮೂರು ಬೀದಿಗೆ ಕೇಳುವಂತೆ ಕೂಗಿದ. "ಬೀಗ ಬದಲಾಯಿಸಿದ್ದು ಎಷ್ಟು ಒಳ್ಳೇದಾಯ್ತು! ಈ ಕೀಲಿ ಈಗ ಈ ಬಾಗಿಲಿಗೆ ಹತ್ತೋದೇ ಇಲ್ಲ!"

ಹೆಂಡತಿ ಗಾಡಿಯಿಂದ ಒಂದು ಕುರ್ಚಿ ಇಳಿಸಿ ಬೀದಿಯ ಬದಿಗೆ ಹಾಕಿದಳು. ಡಾಕ್ಟರಿಗೆ ಕೂರಲು ಹೇಳಿದಳು. ಇನ್ನೊಂದು ಇಳಿಸಿ ತಾನು ಕೂತಳು.

"ಹೌದು ರೀ, ಗೆದ್ರಿ" ಅಂದಳು. "ಈಗ ಹೋಗಿ ಆ ಬೀಗದವನನ್ನ ಕರ್ಕೊಂಡು ಬನ್ನಿ."